ಎದೆಯಲ್ಲಿ ಬ್ಯಾಟರಿ, ಕೈಯಲ್ಲಿ ಸ್ಟೀರಿಂಗ್

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಎದೆಗೆ ‘ಬ್ಯಾಟರಿ’ ಹಾಕಿಸಿಕೊಂಡವರು ಗಾಡಿ ಓಡಿಸಬಹುದೇ? ಉತ್ತರಕ್ಕೆ ಮುಂಚೆ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಎರಡು ಬೇರೆ ಬೇರೆ ಸಾಧನಗಳಿಗೂ ಬ್ಯಾಟರಿ ಎಂದೇ ಹೆಸರು. ಬಡಿತ ತೀರಾ ನಿಧಾನವಾದಾಗ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೃದಯವನ್ನು ನಡೆಸುವುದು ಪೇಸ್‌ಮೇಕರ್. ಅದು ಕೆಲಸ ಮಾಡಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಜೀವ ತೆಗೆಯುವಂಥ ವೇಗದ ಬಡಿತ ಬಂದಾಗ ಶಾಕ್ ಕೊಟ್ಟು ನಿಲ್ಲಿಸುವುದು ಐಸಿಡಿ. ಗಾಡಿ ಓಡಿಸುವ ವಿಷಯದಲ್ಲಿ ಇವೆರಡಕ್ಕೂ ಅಜಗಜಾಂತರ. ಬರೆದವರಲ್ಲಿ ಹಲವರು ತಮ್ಮದು ಯಾವುದೆಂದೇ ತಿಳಿಸಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಸಾಧನದ ಕಾರ್ಡ್ ತೆಗೆದು ನೋಡಿ. ‘ಪೇಸ್‌ಮೇಕರ್’ ಅಥವಾ ‘ಸಿಆರ್‌ಟಿ-ಪಿ’ ಎಂದಿದ್ದರೆ ಶಾಕ್ ಕೊಡುವುದಿಲ್ಲ. ‘ಐಸಿಡಿ’ ಅಥವಾ ‘ಸಿಆರ್‌ಟಿ-ಡಿ’ ಎಂದಿದ್ದರೆ ಕೊಡುತ್ತದೆ.

ಪ್ರಶ್ನೆ: ನನಗೆ 63 ವರ್ಷ. ಎರಡು ಸಲ ಕಣ್ಣು ಕತ್ತಲೆ ಬಂದು ಬಿದ್ದಿದ್ದೆ. ‘ಹಾರ್ಟ್ ಬ್ಲಾಕ್’ ಅಂತ ಎಡಗಡೆ ಪೇಸ್‌ಮೇಕರ್ ಹಾಕಿ ಇವತ್ತಿಗೆ 12 ದಿನ. ಈಗ ಆರಾಮವಾಗಿದ್ದೇನೆ. ಸ್ಕೂಟರ್ ಯಾವಾಗ ತೆಗೆಯಬಹುದು? ಮಗ ‘ಇನ್ನು ಈ ಜನ್ಮದಲ್ಲಿ ಬೇಡ’ ಅನ್ನುತ್ತಾನೆ.
— ನಿವೃತ್ತ ನೌಕರರು, ಕುವೆಂಪುನಗರ, ಮೈಸೂರು

ಉತ್ತರ: ಮಗನದು ಅತಿಯಾಯಿತು, ನಿಮ್ಮದು ಸ್ವಲ್ಪ ಆತುರವಾಯಿತು.

ನಿಮ್ಮ ಬ್ಲಾಕ್ ರಕ್ತನಾಳದ್ದಲ್ಲ, ಹೃದಯದ ವೈರಿಂಗಿನದು. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಇಳಿಯುತ್ತಿರಲಿಲ್ಲ, ಆದ್ದರಿಂದ ಕಣ್ಣು ಕತ್ತಲೆ ಬರುತ್ತಿತ್ತು. ಆ ಕೆಲಸವನ್ನು ಈಗ ಪೇಸ್‌ಮೇಕರ್ ವಹಿಸಿಕೊಂಡಿದೆ. ನಿಜ ಹೇಳಬೇಕೆಂದರೆ ನೀವು ಗಾಡಿ ಓಡಿಸಬಾರದಿದ್ದ ಕಾಲ ಆಪರೇಷನ್ನಿಗೆ ಹಿಂದಿನದು. ಸಾಧನ ಸರಿಯಾಗಿ ನಡೆಯುತ್ತಿದ್ದರೆ ಬಿದ್ದುಹೋಗುವ ಕಾರಣವೇ ಇಲ್ಲವಾಗುತ್ತದೆ.

ಇಷ್ಟು ದಿನ ಎಂದು ನಮ್ಮ ಮೋಟಾರು ವಾಹನ ಕಾಯ್ದೆ ಲೆಕ್ಕ ಕೊಟ್ಟಿಲ್ಲ. ಲೆಕ್ಕ ಬರೆದಿಟ್ಟಿರುವ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿ ಪೇಸ್‌ಮೇಕರ್ ಹಾಕಿಸಿದವರು ಸ್ವಂತ ಕಾರು ಓಡಿಸಲು 1 ವಾರ, ಬಸ್ಸು ಲಾರಿ ಓಡಿಸಲು 6 ವಾರ ಕಾಯಬೇಕು. ಆದರೆ ಒಂದು ವಾರವೆಂಬುದು ಕಾರಿನ ಮಾತು. ಸ್ಕೂಟರಿಗೆ ನಮ್ಮ ಸಲಹೆ 4ರಿಂದ 6 ವಾರ. ಕಾರಣ ತಲೆಸುತ್ತಲ್ಲ, ನಿಮ್ಮ ಎಡಗೈ.

ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಕೂರಿಸಿದ ಪೇಸ್‌ಮೇಕರ್ ಡಬ್ಬಿಯಿಂದ ಹೊರಟ ತಂತಿಗಳು (ಆಸ್ಪತ್ರೆಯವರು ‘ಲೀಡ್’ ಅನ್ನುತ್ತಾರೆ) ರಕ್ತನಾಳದೊಳಗೆ ಸಾಗಿ ಹೃದಯದ ಒಳಗೋಡೆಗೆ ಕಚ್ಚಿಕೊಂಡಿರುತ್ತವೆ. ತುದಿಯ ಸುತ್ತ ಗಾಯದ ಅಂಗಾಂಶ ಬೆಳೆದು ಗಟ್ಟಿಯಾಗಲು ಕೆಲವು ವಾರ ಬೇಕು. ಅದಕ್ಕೆ ಮುಂಚೆ ಆ ಕೈಯಿಂದ ಜೋರಾಗಿ ಎಳೆದರೆ ತುದಿ ಜಾರಬಹುದು. ಜಾರಿದರೆ ಹಿಂದಿನ ಹಾಗೇ ಕಣ್ಣು ಕತ್ತಲೆ. ಸ್ಕೂಟರಿನಲ್ಲಿ ಕಂಟಕ ಹ್ಯಾಂಡಲ್ ಅಲ್ಲ, ಸೆಂಟರ್ ಸ್ಟ್ಯಾಂಡ್. ನೂರು ಕೆ.ಜಿ. ದಾಟಿದ ಗಾಡಿಯನ್ನು ಹಿಂದಕ್ಕೆ ಎಳೆದು ನಿಲ್ಲಿಸುವಾಗ ಎದೆ, ಭುಜದ ಸ್ನಾಯುಗಳ ಮೇಲೆ ಬೀಳುವ ಜಗ್ಗು ಚಿಕ್ಕದಲ್ಲ. ಮೊದಲ ಆರು ವಾರ ಸೈಡ್ ಸ್ಟ್ಯಾಂಡ್ ಮಾತ್ರ. ಕಿಕ್ಕರ್ ಹೊಡೆಯುವುದು, ಮನೆಯ ಮುಂದಿನ ರ‍್ಯಾಂಪಿನ ಮೇಲೆ ಗಾಡಿ ತಳ್ಳುವುದು, ಕಾಲ ಬಳಿ ಗ್ಯಾಸ್ ಸಿಲಿಂಡರ್ ಇಟ್ಟು ತರುವುದು ಬೇಡ. ಎಡಗೈಯಲ್ಲಿ 5 ಕೆ.ಜಿ. ಮೀರಿದ ಭಾರ ಬೇಡ, ಮೊಣಕೈ ಭುಜಕ್ಕಿಂತ ಮೇಲೆ ಏಳುವುದು ಬೇಡ. ಹಾಗೆಂದು ಕೈಯನ್ನು ಹೊಟ್ಟೆಗೆ ಕಟ್ಟಿಕೊಂಡಂತೆ ಕೂರಬೇಡಿ. ಆರು ವಾರ ಆಡಿಸದ ಭುಜ ಹಿಡಿದುಕೊಂಡರೆ ಬಿಡಿಸಲು ಅದೊಂದು ಬೇರೆ ಪಾಡು. ಭುಜದ ಮಟ್ಟದ ಕೆಳಗೆ ದಿನಾ ಆಡಿಸುತ್ತಿರಿ.

ಗಾಡಿ ತೆಗೆಯುವ ಮೊದಲು ಒಮ್ಮೆ ಸಾಧನದ ತಪಾಸಣೆ ಆಗಿರಲೇಬೇಕು. ಪ್ರೋಗ್ರಾಮರ್ ಎಂಬ ಯಂತ್ರದ ತುದಿಯನ್ನು ಎದೆಯ ಮೇಲಿಟ್ಟು ತಂತಿಗಳು ಸರಿಯಾಗಿ ಕಚ್ಚಿವೆಯೇ, ಹೃದಯ ಎಷ್ಟು ಕಡಿಮೆ ವಿದ್ಯುತ್ತಿಗೆ ಓಗೊಡುತ್ತಿದೆ ಎಂದು ನೋಡುತ್ತಾರೆ. ಹತ್ತು ಹದಿನೈದು ನಿಮಿಷದ ಕೆಲಸ, ನೋವಿಲ್ಲ. ಆಮೇಲೆ ಮನೆಯ ಮುಂದೆ ನಿಂತ ಗಾಡಿಯಲ್ಲೇ ಕೂತು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಡ ಬ್ರೇಕನ್ನು ಬಲವಾಗಿ ಹಿಡಿದು ನೋಡಿ. ಹೊಲಿಗೆಯ ಜಾಗದಲ್ಲಿ ನೋವು ಚುಚ್ಚಿದರೆ ಇನ್ನೊಂದು ವಾರ ಬಿಡಿ. ಮೊದಲ ಸವಾರಿ ಬಡಾವಣೆಯೊಳಗೇ ಇರಲಿ, ಹಿಂದೆ ಯಾರನ್ನೂ ಕೂರಿಸದೆ. ಸಂಜೆ ಆರರ ದೇವರಾಜ ಅರಸು ರಸ್ತೆ ಎಲ್ಲೂ ಓಡಿಹೋಗುವುದಿಲ್ಲ.

ತಲೆ ಹಗುರಾದಂತೆ ಅನಿಸುವುದು, ಬಿಡದ ಬಿಕ್ಕಳಿಕೆ (ತಂತಿ ಜಾರಿ, ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಾದ ವಪೆಯನ್ನು ಮಿಡಿಸುತ್ತಿದ್ದರೆ ಹೀಗಾಗುತ್ತದೆ), ಗಾಯ ಕೆಂಪಾಗುವುದು, ಊದುವುದು, ಒಸರುವುದು: ಇವುಗಳಲ್ಲಿ ಯಾವುದು ಕಂಡರೂ ಬೀಗದ ಕೈ ಮಗನ ಕೈಗೆ ಕೊಟ್ಟು ಆಸ್ಪತ್ರೆಗೆ ಹೋಗಿ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇವೆ, ಗಾಬರಿಯಾಗದಿರಲಿ. ಮೈ ಅಲುಗಾಡಿದ್ದನ್ನು ನೋಡಿ ‘ಇವರು ನಡೆಯುತ್ತಿದ್ದಾರೆ’ ಎಂದು ತಿಳಿದು ಬಡಿತ ಏರಿಸುವ ಸೆನ್ಸರ್ ಅನೇಕ ಪೇಸ್‌ಮೇಕರ್‌ಗಳಲ್ಲಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಕುಲುಕಿದರೂ ಅದಕ್ಕೆ ಹಾಗೇ ಅನಿಸಬಹುದು! ಸುಮ್ಮನೆ ಕೂತಿದ್ದರೂ ಎದೆ ಬಡಿದುಕೊಳ್ಳುತ್ತದೆ, ಗಾಡಿ ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಅಪಾಯವಿಲ್ಲ. ಮುಂದಿನ ತಪಾಸಣೆಯಲ್ಲಿ ಹೇಳಿದರೆ ಸೆನ್ಸರಿನ ಚುರುಕು ಕಡಿಮೆ ಮಾಡುತ್ತಾರೆ.

ಪ್ರಶ್ನೆ: ಕಾರಿನ ಸೀಟ್ ಬೆಲ್ಟ್ ಸರಿಯಾಗಿ ಪೇಸ್‌ಮೇಕರ್ ಮೇಲೇ ಬರುತ್ತದೆ. ಯಜಮಾನರು ಓಡಿಸುವಾಗ ನಾನು ಬೆಲ್ಟನ್ನು ಕಂಕುಳ ಕೆಳಗೆ ಹಾಕಿಕೊಳ್ಳುತ್ತೇನೆ. ಸರಿಯೇ?
— ಶಿಕ್ಷಕಿ, ಮಂಡ್ಯ

ಉತ್ತರ: ಖಂಡಿತ ತಪ್ಪು. ಕಂಕುಳ ಕೆಳಗಿನ ಬೆಲ್ಟ್ ಅಪಘಾತದಲ್ಲಿ ಪಕ್ಕೆಲುಬು ಮುರಿದು ಯಕೃತ್ತು, ಗುಲ್ಮಕ್ಕೆ ಪೆಟ್ಟು ಕೊಡುತ್ತದೆ, ಮೇಲಿನ ಮೈಯನ್ನಂತೂ ಹಿಡಿಯುವುದಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಎಡಗಡೆ ಸಾಧನ ಇದ್ದವರಿಗೆ ಕಾರು ಓಡಿಸುವಾಗ ಬೆಲ್ಟ್ ತಾಗುತ್ತದೆ ಎಂದು ಅಮೆರಿಕದ ಸಲಹೆಗಳಲ್ಲಿ ಇರುತ್ತದೆ. ಅಲ್ಲಿ ಸ್ಟೀರಿಂಗ್ ಎಡಕ್ಕೆ. ನಮ್ಮಲ್ಲಿ ಡ್ರೈವರ್ ಬೆಲ್ಟ್ ಬಲ ಭುಜದಿಂದ ಎಡ ಸೊಂಟಕ್ಕೆ ಇಳಿಯುತ್ತದೆ, ಎಡಗಡೆಯ ಡಬ್ಬಿಯನ್ನು ಮುಟ್ಟುವುದೇ ಇಲ್ಲ. ಮುಟ್ಟುವುದು ಪಕ್ಕದ ಸೀಟಿನಲ್ಲಿ, ಅಂದರೆ ನೀವು ಕೂರುವ ಜಾಗದಲ್ಲಿ. ಹಿಂದಿನ ಸೀಟಿನಲ್ಲಿ ಬಲಗಡೆ, ಡ್ರೈವರ್ ಹಿಂದೆ ಕೂತರೆ ಬೆಲ್ಟ್ ಬಲ ಭುಜದ ಮೇಲೆ ಬರುತ್ತದೆ, ಸಮಸ್ಯೆ ಅಲ್ಲಿಗೇ ಮುಗಿಯಿತು. ಮುಂದೆಯೇ ಕೂರಬೇಕೆಂದಿದ್ದರೆ ಬಾಗಿಲ ಪಕ್ಕದ ಕಂಬದಲ್ಲಿ ಬೆಲ್ಟಿನ ಎತ್ತರ ಸರಿಪಡಿಸುವ ಗುಂಡಿ ಇದೆಯೇ ನೋಡಿ. ಇಲ್ಲದಿದ್ದರೆ ಮೆತ್ತನೆಯ ಕೈಟವೆಲನ್ನು ಮಡಚಿ ಬೆಲ್ಟಿಗೂ ಡಬ್ಬಿಗೂ ನಡುವೆ ಇಡಿ. ದಪ್ಪ ದಿಂಬು ಬೇಡ, ಬೆಲ್ಟ್ ಸಡಿಲವಾಗುತ್ತದೆ. ಏರ್‌ಬ್ಯಾಗ್ ಬಗ್ಗೆ ಭಯ ಬೇಡ. ಓಡಿಸುವಾಗ ಸ್ಟೀರಿಂಗಿನಿಂದ ಎದೆ ಕನಿಷ್ಠ 25 ಸೆಂ.ಮೀ. ದೂರವಿರಲಿ.

ಪ್ರಶ್ನೆ: ನಮ್ಮ ಯಜಮಾನ್ರಿಗೆ 44. ಕಬ್ಬಿನ ಲಾರಿ ಓಡಿಸೋರು. ಹಾರ್ಟು ವೀಕು, ಪಂಪಿಂಗ್ ನೂರಕ್ಕೆ 28 ಅಂತ ಐಸಿಡಿ ಹಾಕಿದಾರೆ. ಒಂದು ಸಲಾನೂ ಶಾಕ್ ಹೊಡೆದಿಲ್ಲ, ತಲೆಸುತ್ತೂ ಇಲ್ಲ. ಆದ್ರೂ ದೊಡ್ಡ ಗಾಡಿ ಮುಟ್ಟಲೇಬಾರದು ಅಂತಾರೆ. ಬ್ಯಾಟರಿ ಇದೆಯಲ್ಲ, ಅದೇ ಕಾಪಾಡಲ್ವಾ? ನಮ್ಮದೇ ಟ್ರ್ಯಾಕ್ಟರ್ ಇದೆ, ಅದಾದ್ರೂ ಓಡಿಸಬಹುದಾ?
— ಗೃಹಿಣಿ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ತಾಯೀ, ಬ್ಯಾಟರಿ ಅವರ ಜೀವ ಕಾಪಾಡುತ್ತದೆ. ಲಾರಿಯನ್ನು ಕಾಪಾಡುವುದಿಲ್ಲ. ಈ ವ್ಯತ್ಯಾಸ ಮನಸ್ಸಿಗೆ ಇಳಿದರೆ ವೈದ್ಯರು ಹೇಳಿದ್ದು ಅರ್ಥವಾಗುತ್ತದೆ.

ಐಸಿಡಿ ಕೆಟ್ಟ ಬಡಿತ ಬರದಂತೆ ತಡೆಯುವ ಸಾಧನವಲ್ಲ. ಬಂದ ಮೇಲೆ ನಿಲ್ಲಿಸುವಂಥದ್ದು. ಮೊದಲು ಇದು ಕೆಟ್ಟ ಬಡಿತವೇ ಹೌದೋ ಅಲ್ಲವೋ ಎಂದು ಎಣಿಸಿ ನೋಡಬೇಕು, ಆಮೇಲೆ ಶಾಕಿಗೆ ಬೇಕಾದ ವಿದ್ಯುತ್ತನ್ನು ಒಳಗೆ ತುಂಬಿಕೊಳ್ಳಬೇಕು, ಆಮೇಲೆ ಹೊಡೆಯಬೇಕು. ಇಷ್ಟಕ್ಕೆ ಹತ್ತರಿಂದ ಇಪ್ಪತ್ತು ಸೆಕೆಂಡ್ ಹಿಡಿಯಬಹುದು. ಅಷ್ಟರಲ್ಲಿ ಮಿದುಳಿಗೆ ರಕ್ತ ಹೋಗದೆ ಪ್ರಜ್ಞೆ ತಪ್ಪಿರಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಲಾರಿ 15 ಸೆಕೆಂಡಿಗೆ 250 ಮೀಟರ್ ಓಡುತ್ತದೆ. ಕಬ್ಬು ತುಂಬಿದ ಲಾರಿ, ಕಾಲು ಆಕ್ಸಿಲರೇಟರ್ ಮೇಲೆ, ಸ್ಟೀರಿಂಗ್ ಹಿಡಿದವರಿಗೆ ಎಚ್ಚರವಿಲ್ಲ. ಎದುರಿಗೆ ಬರುವ ಬೈಕಿನವರಿಗೆ ಆ ಇನ್ನೂರೈವತ್ತು ಮೀಟರಿನ ಲೆಕ್ಕ ಗೊತ್ತಿರುವುದಿಲ್ಲ.

‘ಒಮ್ಮೆಯೂ ಹೊಡೆದಿಲ್ಲ’ ಎನ್ನುವುದು ಒಳ್ಳೆಯ ಸುದ್ದಿಯೇ. ಪಂಪಿಂಗ್ (ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು) ಶೇ. 35 ಅಥವಾ ಅದಕ್ಕಿಂತ ಕಡಿಮೆ ಇರುವವರಲ್ಲಿ, ಏನೂ ಆಗುವ ಮೊದಲೇ ಮುನ್ನೆಚ್ಚರಿಕೆಯಾಗಿ ಐಸಿಡಿ ಹಾಕುವುದುಂಟು. ನಿಮ್ಮ ಯಜಮಾನರದು ಹಾಗೆಯೇ. ಅಂಥವರು ಬ್ರಿಟನ್ನಿನ ನಿಯಮದಂತೆ ಒಂದು ತಿಂಗಳ ನಂತರ ಸ್ವಂತ ಕಾರು ಓಡಿಸಬಹುದು. ಒಮ್ಮೆ ಹೃದಯ ನಿಂತು ಬದುಕಿ ಬಂದು ಹಾಕಿಸಿಕೊಂಡವರಾದರೆ ಆರು ತಿಂಗಳು ಕಾಯಬೇಕು. ಬಸ್ಸು, ಲಾರಿ ಮಾತ್ರ ಎರಡೂ ಬಗೆಯವರಿಗೆ ಶಾಶ್ವತವಾಗಿ ಇಲ್ಲ. ಅದಕ್ಕೆ ಎರಡು ಕಾರಣ: ಬಾಡಿಗೆ ಗಾಡಿಯವರು ದಿನಕ್ಕೆ ಎಂಟು ಹತ್ತು ಗಂಟೆ ಸ್ಟೀರಿಂಗ್ ಹಿಂದೆ ಇರುತ್ತಾರೆ, ಆದ್ದರಿಂದ ಕೆಟ್ಟ ಗಳಿಗೆ ರಸ್ತೆಯ ಮೇಲೇ ಬರುವ ಸಂಭವ ಹೆಚ್ಚು, ಬಂದರೆ ಆಗುವ ಹಾನಿಯೂ ಗಾಡಿಯ ತೂಕದಷ್ಟೇ ದೊಡ್ಡದು. ನಮ್ಮಲ್ಲಿ ಲಾರಿ, ಬಸ್ಸಿನ ಲೈಸೆನ್ಸಿಗೆ ವೈದ್ಯರು ನಮೂನೆ 1ಎಯಲ್ಲಿ ಸಹಿ ಹಾಕಬೇಕು, ಅದನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಷಯ ಮುಚ್ಚಿಟ್ಟು ಸಹಿ ಪಡೆಯಬೇಡಿ. ಜನರಿಗೆ ಅಪಾಯವಾಗುವಂಥ ಕಾಯಿಲೆ ಇದೆಯೆಂದು ಗೊತ್ತಿದ್ದೂ ಓಡಿಸಿದರೆ ಕಾಯ್ದೆಯ 186ನೇ ಕಲಂ ಪ್ರಕಾರ ಮೊದಲ ಸಲ ₹1,000, ಮತ್ತೆ ಸಿಕ್ಕಿದರೆ ₹2,000 ದಂಡ. ದಂಡವೇನೋ ಸಣ್ಣದು. ಅಪಘಾತವಾದ ಮೇಲೆ ಏಳುವ ಪ್ರಶ್ನೆಗಳು ಸಣ್ಣವಲ್ಲ.

ಟ್ರ್ಯಾಕ್ಟರ್ ವಿಷಯಕ್ಕೆ ಬರೋಣ. ಕಬ್ಬು ಹೇರಿದ ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೋಗುವುದಾದರೆ ಅದಕ್ಕೂ ಲಾರಿಗೂ ನಾವು ವ್ಯತ್ಯಾಸ ಕಾಣುವುದಿಲ್ಲ. ಸ್ವಂತ ಗದ್ದೆಯೊಳಗಿನ ಉಳುಮೆ ಬೇರೆ ಮಾತು. ಬೇರೆಯವರಿಗೆ ಅಪಾಯ ಕಡಿಮೆ, ಅವರಿಗೇ ಹೆಚ್ಚು. ಸೀಟಿನಿಂದ ಜಾರಿ ಬಿದ್ದರೆ ಹಿಂದೆ ರೋಟವೇಟರ್ ತಿರುಗುತ್ತಿರುತ್ತದೆ. ಹೃದ್ರೋಗ ತಜ್ಞರು ನೋಡಿ ಒಪ್ಪಿದರೆ ಮಾತ್ರ, ಸಮನೆಲದಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರುವಾಗ ಓಡಿಸಲಿ. ರೋಟವೇಟರ್, ನಾಲೆ ಏರಿ, ರಾತ್ರಿ ಕೆಲಸ ಬೇಡ. 44ರಲ್ಲಿ ಕೈಕಸುಬು ಬಿಡುವುದು ಸುಲಭವಲ್ಲವೆಂದು ಬಲ್ಲೆವು. ಆದರೂ ಲಾರಿಯ ವಿಷಯದಲ್ಲಿ ಅವರ ವೈದ್ಯರು ಹೇಳಿದ್ದೇ ಸರಿ.

ಪ್ರಶ್ನೆ: ಅಪ್ಪನಿಗೆ 58. ಎರಡು ವರ್ಷದಿಂದ ಐಸಿಡಿ ಇದೆ. ಹೋದ ತಿಂಗಳು ಊಟ ಮಾಡುತ್ತಿದ್ದಾಗ ಒಂದು ಶಾಕ್ ಬಂತು, ಎದೆಗೆ ಒದ್ದ ಹಾಗಾಯಿತಂತೆ. ಆಮೇಲೆ ಏನೂ ಇಲ್ಲ. ಈಗ ಎಂದಿನಂತೆ ತಾನೇ ಕಾರು ಓಡಿಸಿಕೊಂಡು ಬೆಂಗಳೂರಿಗೆ ಹೋಗುತ್ತೇನೆ ಅನ್ನುತ್ತಿದ್ದಾರೆ.
— ಸರಸ್ವತಿಪುರಂ, ಮೈಸೂರು

ಉತ್ತರ: ಸದ್ಯಕ್ಕೆ ನೀವು ಓಡಿಸಿ, ಅವರು ಪಕ್ಕದಲ್ಲಿ ಕೂರಲಿ. ಹಿಂದಿನ ಉತ್ತರದ ಲೆಕ್ಕವನ್ನೇ ಎಕ್ಸ್‌ಪ್ರೆಸ್‌ವೇಯ 100 ಕಿ.ಮೀ. ವೇಗಕ್ಕೆ ಹಾಕಿ ನೋಡಿ: 15 ಸೆಕೆಂಡಿಗೆ 400 ಮೀಟರ್ ದಾಟುತ್ತದೆ.

ಸಾಧನದೊಳಗೆ ಆ ಗಳಿಗೆಯ ಬಡಿತದ ದಾಖಲೆ ಉಳಿದಿರುತ್ತದೆ. ಇನ್ನೂ ತೋರಿಸಿಲ್ಲವಾದರೆ ನಾಳೆಯೇ ಹೋಗಿ ತೆಗೆಸಿ. ಶಾಕ್ ಎರಡು ಬಗೆ. ನಿಜವಾಗಿ ಕೆಟ್ಟ ಬಡಿತ ಬಂದು ಹೊಡೆದದ್ದಾದರೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕಾರು ಬಂದ್. ಮೇಲಿನ ಕೋಣೆಯ ಅಡ್ಡಾದಿಡ್ಡಿ ಬಡಿತವನ್ನೋ, ಸೀಳಿದ ತಂತಿಯ ಗದ್ದಲವನ್ನೋ ತಪ್ಪು ತಿಳಿದು ಹೊಡೆದಿದ್ದರೆ, ಕಾರಣ ಸರಿಪಡಿಸಿ ಒಂದು ತಿಂಗಳು. ಅಪ್ಪ ಊಟದ ಮಧ್ಯೆ ಎಚ್ಚರವಾಗಿಯೇ ಇದ್ದರು ಎನ್ನುವುದನ್ನೂ ವೈದ್ಯರಿಗೆ ತಪ್ಪದೆ ಹೇಳಿ. ತೀರ್ಮಾನಕ್ಕೆ ಅದು ಮುಖ್ಯ.

ಮುಂದೆ ಅವರು ಓಡಿಸುವ ಕಾಲ ಬಂದಾಗ ಇಬ್ಬರಿಗೂ ಇದು ಗೊತ್ತಿರಲಿ. ತಲೆ ತೇಲಿದಂತೆ, ಎದೆ ಓಡಿದಂತೆ ಅನಿಸಿದ ತಕ್ಷಣ ಆಕ್ಸಿಲರೇಟರ್ ಬಿಟ್ಟು, ಹಜಾರ್ಡ್ ಲೈಟ್ ಹಾಕಿ, ಎಡಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಆರಿಸಬೇಕು. ‘ಮುಂದಿನ ಟೋಲ್ ತನಕ ನೋಡೋಣ’ ಬೇಡ. ಓಡಿಸುವವರು ಸ್ಟೀರಿಂಗ್ ಮೇಲೆ ಒರಗಿಬಿಟ್ಟರೆ ಪಕ್ಕದವರು ಒಂದು ಕೈಯಲ್ಲಿ ಸ್ಟೀರಿಂಗ್ ನೆಟ್ಟಗೆ ಹಿಡಿದು, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವಾಗಿ ಎಳೆಯಬೇಕು. ಒಂದೇ ಸಲ ಎಳೆದರೆ ಹಿಂದಿನ ಚಕ್ರಗಳು ಜಾರುತ್ತವೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಾದರೆ ಚಲಿಸುವಾಗ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಕೈಪಿಡಿಯಲ್ಲಿ ಇವತ್ತೇ ಓದಿಕೊಳ್ಳಿ.

ಒಂದೇ ಶಾಕ್, ಆಮೇಲೆ ಆರಾಮ ಎಂದರೆ ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಿ ಹೋಗಿ ತೋರಿಸಿ. ಒಂದೇ ದಿನದಲ್ಲಿ ಎರಡು ಬಂದರೆ, ಅಥವಾ ಶಾಕಿನ ಜೊತೆ ಎದೆನೋವು, ಉಬ್ಬಸ, ಪ್ರಜ್ಞೆ ತಪ್ಪುವುದು ಇದ್ದರೆ 108. ಹೆದ್ದಾರಿಯಲ್ಲಿ 1033 ಕೂಡ ಇದೆ. ಶಾಕ್ ಹೊಡೆಯುವಾಗ ಅವರನ್ನು ಹಿಡಿದಿದ್ದರೆ ನಿಮಗೆ ಜುಮ್ಮೆನ್ನಬಹುದು, ಹಾನಿಯಿಲ್ಲ. ಉಸಿರಿಲ್ಲ, ಎಚ್ಚರವಿಲ್ಲ ಎಂದಾದರೆ ಐಸಿಡಿ ಇದೆಯೆಂದು ಕಾಯುತ್ತ ಕೂರದೆ ಎದೆಯ ನಡುವೆ ನಿಮಿಷಕ್ಕೆ 100–120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಲು ಶುರುಮಾಡಿ.

ಪ್ರಶ್ನೆ: ಗ್ಯಾರೇಜ್ ನಡೆಸುತ್ತೇನೆ. ಪೇಸ್‌ಮೇಕರ್ ಹಾಕಿ ಮೂರು ತಿಂಗಳು. ಓಡುವ ಇಂಜಿನ್ ಹತ್ತಿರ ಹೋದರೆ ನಿಂತುಬಿಡುತ್ತದೆ ಅಂತ ಹೆದರಿಸುತ್ತಾರೆ.
— ಬನ್ನಿಮಂಟಪ, ಮೈಸೂರು

ಉತ್ತರ: ನಿಲ್ಲುವುದಿಲ್ಲ. ಹತ್ತಿರದ ಜೋರಾದ ವಿದ್ಯುತ್ ಗದ್ದಲವನ್ನು ಹೃದಯದ್ದೇ ಬಡಿತವೆಂದು ಭ್ರಮಿಸಿ ತನ್ನ ಮಿಡಿತ ಕೊಡದೆ ಸುಮ್ಮನಿರಬಹುದು, ಅಷ್ಟೆ. ದೂರ ಸರಿದರೆ ಮತ್ತೆ ಮೊದಲಿನಂತೆ. ಓಡುವ ಇಂಜಿನ್ನಿನ ಆಲ್ಟರ್ನೇಟರ್, ಕಾಯಿಲ್, ಪ್ಲಗ್ ವೈರುಗಳಿಂದ ಡಬ್ಬಿ 30 ಸೆಂ.ಮೀ. ದೂರವಿರಲಿ. ಸಾಮಾನ್ಯ ಸ್ಕೇಲಿನಷ್ಟು ಉದ್ದ. ಬಾನೆಟ್ಟಿನೊಳಗೆ ಎದೆ ಊರಿ ಬಗ್ಗುವ ಕೆಲಸವನ್ನೆಲ್ಲ ಇಂಜಿನ್ ಆರಿಸಿಯೇ ಮಾಡಿ. ಪ್ಲಗ್ ಕರೆಂಟ್ ನೋಡಲು ವೈರ್ ಕಳಚಿ ಗಾಡಿಯ ಲೋಹದ ಮೈಗೆ ತಾಗಿಸುವ ಹಳೆಯ ಅಭ್ಯಾಸ ಇವತ್ತೇ ಬಿಡಿ. ಬಿದ್ದ ಬೋಲ್ಟ್ ಎತ್ತುವ ಆಯಸ್ಕಾಂತದ ಕಡ್ಡಿ, ಬಿಚ್ಚಿದ ವೂಫರ್ ಅಂಗಿಯ ಜೇಬಿನ ಹತ್ತಿರ ಬೇಡ, 15 ಸೆಂ.ಮೀ. ಆಚೆ ಇರಲಿ.

ವೆಲ್ಡಿಂಗ್ ಇದಕ್ಕಿಂತ ಗಂಭೀರ. ನಿಮ್ಮ ಸಾಧನದ ಕಂಪನಿಯ ಮಿತಿಯನ್ನು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಆರ್ಕ್ ಡಬ್ಬಿಯಿಂದ 60 ಸೆಂ.ಮೀ. ದೂರ, ಎರಡೂ ಕೇಬಲ್ ಜೊತೆಜೊತೆಗೆ, ಅರ್ಥ್ ಕ್ಲಾಂಪ್ ಬೆಸುಗೆಯ ಜಾಗಕ್ಕೆ ಆದಷ್ಟು ಹತ್ತಿರ, ಕೈಗವಸು ಒಣಗಿದ್ದು, ಕೇಬಲ್ ಹೆಗಲ ಮೇಲೆ ಹಾಕಿಕೊಳ್ಳಬಾರದು. ಹುಡುಗರಿದ್ದರೆ ಅವರಿಗೇ ಬಿಡಿ. ಐಸಿಡಿ ಇದ್ದವರಿಗಂತೂ ವೆಲ್ಡಿಂಗ್ ಬೇಡವೆಂದೇ ನಮ್ಮ ಮಾತು. ಗದ್ದಲವನ್ನು ಕೆಟ್ಟ ಬಡಿತವೆಂದು ತಿಳಿದು ಅದು ಶಾಕ್ ಹೊಡೆದೀತು.

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿದ್ದೇವೆ. ತಾಯಿಗೆ ಪೇಸ್‌ಮೇಕರ್ ಇದೆ.
— ವಿಜಯನಗರ, ಮೈಸೂರು

ಉತ್ತರ: ಕೊಳ್ಳಿ. ಜರ್ಮನಿಯ ಮ್ಯೂನಿಕ್‌ನಲ್ಲಿ ಇಂಥ ಸಾಧನಗಳಿದ್ದ 108 ಮಂದಿಯನ್ನು ನಾಲ್ಕು ಎಲೆಕ್ಟ್ರಿಕ್ ಕಾರುಗಳಲ್ಲಿ ಕೂರಿಸಿ, ಚಾರ್ಜ್ ಮಾಡಿಸಿ ನೋಡಿದರು, ತೊಂದರೆ ಕಾಣಲಿಲ್ಲ (2018ರ ವರದಿ). 350 ಕಿಲೋವಾಟಿನ ಫಾಸ್ಟ್ ಚಾರ್ಜರ್ ಇಟ್ಟು 130 ಮಂದಿಯ ಮೇಲೆ ಮತ್ತೆ ನೋಡಿದಾಗಲೂ (2023) ಅದೇ ಫಲಿತಾಂಶ. ಮೊದಲ ಅಧ್ಯಯನದಲ್ಲಿ ಆಯಸ್ಕಾಂತ ಕ್ಷೇತ್ರ ಹೆಚ್ಚು ಕಂಡದ್ದು ಕಾರಿನೊಳಗಲ್ಲ, ಚಾರ್ಜಿಂಗ್ ಕೇಬಲ್ ಉದ್ದಕ್ಕೂ. ಆದ್ದರಿಂದ ಚಾರ್ಜ್ ಆಗುವಾಗ ಕೇಬಲಿಗೆ ಎದೆ ತಾಗಿಸಿ ನಿಲ್ಲುವುದು ಬೇಡ. ಬೀಗದ ಕೈ ತಿರುಗಿಸದೆ ಗುಂಡಿ ಒತ್ತಿ ಶುರುವಾಗುವ ಕಾರುಗಳಲ್ಲಿ ಬಾಗಿಲ ಹಿಡಿ, ನಡುವಿನ ಕನ್ಸೋಲ್ ಒಳಗೆ ಆಂಟೆನಾ ಇರುತ್ತದೆ. ಕೆಲವು ಕೈಪಿಡಿಗಳು 22 ಸೆಂ.ಮೀ. ದೂರ ಹೇಳುತ್ತವೆ. ಪಕ್ಕದಲ್ಲಿ ಕೂತವರ ಎದೆ ಹೇಗೂ ಅದಕ್ಕಿಂತ ದೂರವೇ ಇರುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಪೇಸ್‌ಮೇಕರ್ ಬ್ಯಾಟರಿ ಮುಗಿಯುತ್ತಾ ಬಂತು, ಬದಲಿಸಬೇಕು ಅಂದಿದ್ದಾರೆ. ಡಿಎಲ್ ಕೂಡ ಇದೇ ವರ್ಷ ಮುಗಿಯುತ್ತದೆ. ಯಾವುದು ಮೊದಲು?
— 66 ವರ್ಷದ ಓದುಗರು, ಶ್ರೀರಂಗಪಟ್ಟಣ

ಉತ್ತರ: ಬ್ಯಾಟರಿ. ಹಳೆಯ ತಂತಿ ಚೆನ್ನಾಗಿದ್ದರೆ ಡಬ್ಬಿಯನ್ನಷ್ಟೇ ಬದಲಿಸುತ್ತಾರೆ, ಒಂದು ವಾರಕ್ಕೆ ಕಾರು ಓಡಿಸಬಹುದು. ಹೊಸ ತಂತಿ ಹಾಕಿದರೆ ಮಾತ್ರ ಕೈಯ ನಿಯಮವೆಲ್ಲ ಮೊದಲಿನಿಂದ. ಹೊಲಿಗೆ ಒಣಗಿ, ತಪಾಸಣೆಯ ಕಾಗದ ಕೈಗೆ ಬಂದ ಮೇಲೆ ಡಿಎಲ್‌ಗೆ ಹೋಗಿ. ನಿಮ್ಮ ವಯಸ್ಸಿನವರಿಗೆ ನವೀಕರಣ ಐದೈದು ವರ್ಷಕ್ಕೆ, ನಮೂನೆ 1ಎ ಬೇಕು. ನೀವೇ ತುಂಬುವ ನಮೂನೆ 1ರಲ್ಲಿ ಹಠಾತ್ತಾಗಿ ಪ್ರಜ್ಞೆ ತಪ್ಪುವ, ತಲೆಸುತ್ತುವ ತೊಂದರೆ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಅದು ಕೇಳುವುದು ಈಗಿನ ಸ್ಥಿತಿಯನ್ನು. ಪೇಸ್‌ಮೇಕರ್ ಹಾಕಿದ ಮೇಲೆ ಬಿದ್ದಿಲ್ಲವಾದರೆ ಇಲ್ಲ ಎಂದೇ ಬರೆಯಬಹುದು. ಆದರೆ 1ಎಗೆ ಸಹಿ ಹಾಕುವ ವೈದ್ಯರ ಮುಂದೆ ಅಂಗಿಯ ಗುಂಡಿ ಬಿಚ್ಚಿ ಡಬ್ಬಿ ತೋರಿಸಿ, ತಪಾಸಣೆಯ ಕಾಗದದ ನಕಲು ಕೊಡಿ. ಹೊಸ ಡಬ್ಬಿಯ ಜೊತೆ ಹೊಸ ಕಾರ್ಡ್ ಬರುತ್ತದೆ. ಹಳೆಯದನ್ನು ಪರ್ಸಿನಿಂದ ತೆಗೆದು ಹೊಸದನ್ನು ಡಿಎಲ್ ಹಿಂದೆಯೇ ಇಟ್ಟುಕೊಳ್ಳಿ.